‘ದೇವರು’ ಪುಸ್ತಕಕ್ಕೆ ಕ್ರೈಸ್ತ ಓದು

ಮಾಣಿಕನಗರದ ಸಕಲಮತ ಸಂಪ್ರದಾಯದ ತಿರುಳು ಒಂದೇ: ಯಾವ ಮತವನ್ನೂ ಹೀಗಳೆಯಬಾರದು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಈ ಸಂಪ್ರದಾಯವನ್ನು ಕಟ್ಟಿದ ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಸ್ಥರಾಗುವವರೆಗೂ ಹಿಂದೂಗಳಂತೆ ಮುಸಲ್ಮಾನರೂ ಅವರ ದರಬಾರಿಗೆ ಬರುತ್ತಿದ್ದರು. ಇದೇ ಬೀದರ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಗಳೂ ತಲೆಮಾರುಗಳಿಂದ ಇವೆ. ಎಲ್ಲ ಮತಗಳಿಗೂ ಜಾಗವಿರುವ ಇಂಥ ನೆಲದಲ್ಲಿ ‘ದೇವರೇ ಇಲ್ಲ’ ಎನ್ನುವವನನ್ನು ಎಲ್ಲಿ ಕೂರಿಸುವುದು? ವಿಜಯನಗರ ಕಾಲದ ಮಾಧವ ತನ್ನ ‘ಸರ್ವದರ್ಶನಸಂಗ್ರಹ’ವನ್ನು ನಾಸ್ತಿಕ ಚಾರ್ವಾಕನಿಂದಲೇ ಶುರುಮಾಡಿದ. ಒಪ್ಪದ ಮಾತಿಗೂ ಮೊದಲ ಮಣೆ ಹಾಕುವ ಆ ಮರ್ಯಾದೆ ಕನ್ನಡದ ಕ್ರೈಸ್ತ ಬರಹಗಳಲ್ಲಿ ನನಗೆ ಅಪರೂಪಕ್ಕೆ ಕಂಡಿದೆ.

ಎ. ಎನ್. ಮೂರ್ತಿರಾಯರ ‘ದೇವರು’ ಆ ಮರ್ಯಾದೆಗೆ ಪೂರ್ತಿ ಅರ್ಹವಾದ ಪುಸ್ತಕ. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದ ಈ ಇಂಗ್ಲಿಷ್ ಅಧ್ಯಾಪಕರು, ಲಲಿತ ಪ್ರಬಂಧಕಾರರು, ತೊಂಬತ್ತರ ಹರೆಯದಲ್ಲಿ ಕೂತು ದೇವರಿಲ್ಲ ಎಂದು ತಾವು ನಂಬುವುದೇಕೆ ಎಂದು ವಿವರಿಸಿದರು. ಕೂಗಾಟವಿಲ್ಲ, ಭಕ್ತರ ಮೇಲೆ ಹಗೆಯಿಲ್ಲ. ಸರ್ವಶಕ್ತನೂ ಕರುಣಾಳುವೂ ಆದವನೊಬ್ಬ ಈ ಜಗತ್ತನ್ನು ನಡೆಸುತ್ತಿದ್ದರೆ ಇಷ್ಟೊಂದು ನೋವೇಕೆ ಎಂಬುದೇ ಅವರ ವಾದದ ಬೆನ್ನೆಲುಬು.

ಇದಕ್ಕೆ ನಮ್ಮ ಸಭೆಗಳಲ್ಲಿ ಸಿಗುವ ಸುಲಭದ ಉತ್ತರ ಹದಿನಾಲ್ಕನೇ ಕೀರ್ತನೆ: ದೇವರಿಲ್ಲ ಎಂದುಕೊಳ್ಳುವವನು ದುರ್ಮತಿ, ಅಲ್ಲಿಗೆ ಮಾತು ಮುಗಿಯಿತು. ಆದರೆ ಆ ಕೀರ್ತನೆಯನ್ನು ಕೊನೆಯವರೆಗೆ ಓದಿದರೆ ಅದರ ಸಿಟ್ಟು ತಿರುಗಿರುವುದು ಬಡವರನ್ನು ಸುಲಿದು ತಿನ್ನುವವರ ಮೇಲೆ. ನೋವನ್ನು ಕಂಡು ಮನಸ್ಸು ಕಲಕಿ ದೇವರನ್ನು ಬಿಟ್ಟವರ ಮೇಲೆ ಅದನ್ನು ಪ್ರಯೋಗಿಸುವುದು ಅನ್ಯಾಯ. ಮೂರ್ತಿರಾಯರ ನಾಸ್ತಿಕತೆ ವಿಚಾರಹೀನವಲ್ಲ. ಈ ಮಾತನ್ನು ಕ್ರೈಸ್ತನಾಗಿಯೇ ಹೇಳುತ್ತಿದ್ದೇನೆ.

ಹಾಗಾದರೆ ಕ್ರೈಸ್ತ ತತ್ತ್ವಜ್ಞಾನಕ್ಕೆ ಹೇಳಲು ಏನಿದೆ? ಅದರ ಗಟ್ಟಿ ಪ್ರಶ್ನೆ ವಿಚಾರಶಕ್ತಿಯ ಬಗ್ಗೆಯೇ. ನಮ್ಮ ಬುದ್ಧಿ ಉಳಿವಿಗಾಗಿ ಮಾತ್ರ ರೂಪುಗೊಂಡಿದ್ದರೆ, ಅದು ಸತ್ಯವನ್ನೇ ತೋರಿಸುತ್ತದೆ ಎಂದು ನಂಬುವುದು ಯಾವ ಆಧಾರದ ಮೇಲೆ? ಡಾರ್ವಿನ್ನನಿಗೇ ಈ ಅಳುಕು ಇತ್ತು. 1881ರಲ್ಲಿ ವಿಲಿಯಂ ಗ್ರಹಾಂಗೆ ಬರೆದ ಕಾಗದದಲ್ಲಿ ಅದನ್ನು ತೋಡಿಕೊಂಡ. ಅಮೆರಿಕದ ಕ್ರೈಸ್ತ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ 1993ರ ಹೊತ್ತಿಗೆ ಇದನ್ನೇ ಪೂರ್ಣ ವಾದವಾಗಿ ಬೆಳೆಸಿದರು: ದೇವರೂ ಇಲ್ಲ, ಬುದ್ಧಿಯೂ ಕುರುಡು ವಿಕಾಸದ ಫಲ ಎಂಬ ಎರಡನ್ನೂ ಒಟ್ಟಿಗೆ ಒಪ್ಪಿದವನು ತನ್ನ ತೀರ್ಮಾನವನ್ನೇ ಸಂಶಯಿಸಬೇಕಾಗುತ್ತದೆ. ಹಾವನ್ನು ಹಗ್ಗವೆಂದು ಬಗೆದವನು ಬದುಕುವುದಿಲ್ಲ, ಹಾಗಾಗಿ ಉಳಿವು ನಿಜವನ್ನೇ ಕಲಿಸುತ್ತದೆ ಎಂದು ಎದುರಾಡಬಹುದು. ಒಳ್ಳೆಯ ಎದುರುತ್ತರವೇ. ಆದರೆ ಅದು ಹಾವು, ಹಗ್ಗ, ಹೊಲ, ಹೊಳೆಗಳಿಗೆ ಸಲ್ಲುವ ಮಾತು. ವಿಶ್ವದ ಮೂಲದ ಬಗ್ಗೆ ಸರಿಯಾಗಿ ಯೋಚಿಸದಿದ್ದಕ್ಕೆ ಯಾವ ಪ್ರಾಣಿಯೂ ಸತ್ತಿಲ್ಲ. ದೇವರ ವಿಷಯದಲ್ಲಿ ಬುದ್ಧಿಯನ್ನೇ ಕೊನೆಯ ನ್ಯಾಯಾಧೀಶನನ್ನಾಗಿ ಕೂರಿಸುವ ಮೂರ್ತಿರಾಯರು ಆ ನ್ಯಾಯಾಧೀಶನಿಗೆ ಅಧಿಕಾರ ಎಲ್ಲಿಂದ ಬಂತೆಂದು ಕೇಳಿಕೊಳ್ಳಬೇಕಿತ್ತು. ‘ದೇವರು’ ಪುಸ್ತಕದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು.

ಈ ವಾದ ಸ್ವಂತ ಮನೆಯಲ್ಲೇ ಏಟು ತಿಂದು ಗಟ್ಟಿಯಾದದ್ದು ಎಂಬುದನ್ನೂ ಹೇಳಬೇಕು. ಸಿ. ಎಸ್. ಲೂಯಿಸ್ 1947ರಲ್ಲಿ ತಮ್ಮ ಪುಸ್ತಕದ ಒಂದು ಅಧ್ಯಾಯದಲ್ಲಿ ಇದರ ಒಂದು ರೂಪವನ್ನು ಮಂಡಿಸಿದಾಗ, ಮರುವರ್ಷವೇ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಅದರ ಲೋಪಗಳನ್ನು ಬಿಡಿಸಿಟ್ಟವರು ಎಲಿಜಬೆತ್ ಆನ್ಸ್‌ಕೂಂಬ್. ಆಕೆ ನಿಷ್ಠಾವಂತ ಕ್ಯಾಥೊಲಿಕ್. ಲೂಯಿಸ್ 1960ರಲ್ಲಿ ಆ ಅಧ್ಯಾಯವನ್ನು ತಿದ್ದಿ ಬರೆದರು. ನಂಬಿಕೆಯುಳ್ಳವರು ತಮ್ಮದೇ ವಾದವನ್ನು ಹೀಗೆ ಒರೆಗೆ ಹಚ್ಚುವುದನ್ನು ನಮ್ಮ ಉಪದೇಶಕರೂ ಕಲಿಯಬೇಕು.

ನೋವಿನ ಪ್ರಶ್ನೆಗೆ ಬಂದಾಗ ಮಾತ್ರ ಪ್ಲಾಂಟಿಂಗಾ ನನಗೆ ಸಾಲುವುದಿಲ್ಲ. 1974ರ ಪುಸ್ತಕದಲ್ಲಿ ಅವರು ತೋರಿಸಿದ್ದು ದೇವರಿದ್ದಾನೆ, ಕೇಡೂ ಇದೆ ಎಂಬ ಎರಡು ಮಾತುಗಳಲ್ಲಿ ತಾರ್ಕಿಕ ವಿರೋಧವಿಲ್ಲ ಎಂದು. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಾಗ ಅವನು ಕೇಡನ್ನು ಆರಿಸಿಕೊಳ್ಳುವ ಸಾಧ್ಯತೆಯೂ ಬಂತು. ಸರಿ. ಆದರೆ ಬಸವಕಲ್ಯಾಣದ ಗಡಿಯಾಚೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಯಾರು ಏನನ್ನು ಆರಿಸಿಕೊಂಡರು? ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಮಲಗಿದ್ದ ಜನ. ನಸುಕಿನ ನಾಲ್ಕರ ಸುಮಾರಿಗೆ ನೆಲ ನಡುಗಿತು. ಗುಂಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆ, ಮರದ ತೊಲೆ, ಬಿಸಿಲು ಇಳಿಯದಿರಲೆಂದು ಮೇಲೆ ಹೊದಿಸಿದ ಮಣ್ಣಿನ ಮಾಳಿಗೆ: ಬೇಸಿಗೆಯಲ್ಲಿ ತಂಪು ಕೊಟ್ಟಿದ್ದ ಆ ಭಾರವೇ ಮಲಗಿದವರ ಮೇಲೆ ಬಿತ್ತು. ಹುಲ್ಲಿನ ಗುಡಿಸಲಿನಲ್ಲಿದ್ದ ಎಷ್ಟೋ ಜನ ಬದುಕಿದರು. ಸತ್ತವರು 10,000ದ ಆಸುಪಾಸು. ಇಂಥ ನಿಸರ್ಗದ ಕೇಡಿಗೂ ಮನುಷ್ಯರಲ್ಲದ ಸ್ವತಂತ್ರ ಜೀವಿಗಳು, ಸೈತಾನನಂಥವರು, ಕಾರಣರಿರಬಹುದೆಂಬ ಸಾಧ್ಯತೆಯನ್ನು ಪ್ಲಾಂಟಿಂಗಾ ಮುಂದಿಡುತ್ತಾರೆ. ತರ್ಕಕ್ಕೆ ಅಷ್ಟು ಸಾಕು. ಕಲ್ಲು ಸರಿಸಿ ಮಕ್ಕಳನ್ನು ಹುಡುಕಿದವರ ಮುಂದೆ ನಿಂತು ಆಡುವ ಮಾತಲ್ಲ ಅದು. ತಾನು ಕೊಡುತ್ತಿರುವುದು ಸಮರ್ಥನೆ ಮಾತ್ರ, ದೇವರ ಕಾರಣ ತನಗೆ ಗೊತ್ತೆಂದಲ್ಲ ಎಂದು ಅವರೂ ಪ್ರಾಮಾಣಿಕವಾಗಿ ಒಪ್ಪುತ್ತಾರೆ.

ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಗದರುವುದು ನೋವಿಗೆ ಚೊಕ್ಕ ವಿವರಣೆ ಕೊಟ್ಟ ಗೆಳೆಯರನ್ನು. ನೇರವಾಗಿ ತನ್ನ ಮೇಲೆಯೇ ದೂರು ಹೇಳಿದ ಯೋಬನ ಮಾತು ಸರಿಯೆನ್ನುತ್ತಾನೆ. ಶಿಲುಬೆಯ ಮೇಲೆ ಯೇಸು ದೇವರು ತನ್ನನ್ನು ಕೈಬಿಟ್ಟದ್ದೇಕೆಂದು ಕೂಗುತ್ತಾನೆ. ಮೂರ್ತಿರಾಯರು ಕೇಳಿದ ಪ್ರಶ್ನೆ ಕ್ರೈಸ್ತ ಗ್ರಂಥದ ನಟ್ಟನಡುವೆಯೇ ಇದೆ. ನೋವನ್ನು ಮೇಲಿನಿಂದ ನೋಡುವ ದೇವರಾಗಿದ್ದರೆ ನಾನೂ ಅವರ ಪಕ್ಷವನ್ನೇ ಸೇರುತ್ತಿದ್ದೆ. ನೋವಿನೊಳಗೆ ಇಳಿದು ಸತ್ತ ದೇವರ ಬಗ್ಗೆ ಅವರ ವಾದ ಇನ್ನೊಮ್ಮೆ ಮೊದಲಿನಿಂದ ಶುರುವಾಗಬೇಕು. ಜೊತೆಗೆ ನೋವುಂಡದ್ದು ‘ಏಕೆ’ ಎಂಬುದಕ್ಕೆ ಉತ್ತರವಾಗುವುದಿಲ್ಲ ಎಂದು ನಾಸ್ತಿಕ ಹೇಳಿದರೆ, ಆ ಆಕ್ಷೇಪವನ್ನು ತಳ್ಳಿಹಾಕುವ ಯುಕ್ತಿ ಪ್ಲಾಂಟಿಂಗಾ ಬಳಿಯೂ ಇಲ್ಲ, ನನ್ನ ಬಳಿಯೂ ಇಲ್ಲ.