ಹೈಡಾ ಗ್ವಾಯ್: ಟಿಕೆಟ್ ಬುಕ್ ಮಾಡೋಕೆ ಮುಂಚೆ ಒಂದು ಸಿನಿಮಾ

ಕೆನಡಾದ ಪಶ್ಚಿಮ ಕರಾವಳಿಯಾಚೆಗಿನ ಹೈಡಾ ಗ್ವಾಯ್ ದ್ವೀಪಗಳ ಬಗ್ಗೆ ಯಾವ ಟ್ರಾವೆಲ್ ವಿಡಿಯೊ ನೋಡಿದರೂ ಮೂರೇ ಸರಕು. ಪಾಚಿ ಹೊದ್ದ ಸೀಡರ್ ಮರಗಳ ನಡುವೆ ದಪ್ಪನೆಯ ಕಪ್ಪು ಕರಡಿ. ದೋಣಿಯಲ್ಲಿ ಸಾಲ್ಮನ್ ಮೀನು ಎತ್ತಿ ಹಿಡಿದು ಹಲ್ಲು ಕಿರಿಯುತ್ತಿರುವ ಗಿರಾಕಿ. ಕೊನೆಗೆ ಮಂಜಿನಲ್ಲಿ ವಾಲಿ ನಿಂತ ಕೆತ್ತನೆಯ ಕಂಬ, ಹಿನ್ನೆಲೆಯಲ್ಲಿ ಕೊಳಲು. ಜನ? ಜನ ಇರೋದಿಲ್ಲ.

2018ರಲ್ಲಿ ಬಂದ 'ಎಡ್ಜ್ ಆಫ್ ದ ನೈಫ್' ಚಿತ್ರದಲ್ಲಿ ಅದೇ ಕಾಡಿದೆ, ಅದೇ ಮೀನಿದೆ. ಆದರೆ ತುಂಬಾ ಜನ ಇದ್ದಾರೆ, ಜಗಳ ಆಡ್ತಾರೆ, ತಮ್ಮ ಭಾಷೇಲೇ ಆಡ್ತಾರೆ. ಪೂರ್ತಿ ಹೈಡಾ ಭಾಷೆಯಲ್ಲಿ ತೆಗೆದ ಮೊದಲ ಕಥಾಚಿತ್ರ ಇದು. ನಿರ್ದೇಶಕರು ಗ್ವಾಯ್ ಎಡೆನ್‌ಶಾ ಮತ್ತು ಹೆಲೆನ್ ಹೇಗ್-ಬ್ರೌನ್. ಚಿತ್ರ ಬಂದಾಗ ಹೈಡಾವನ್ನು ಸರಾಗವಾಗಿ ಮಾತಾಡುವವರು ಇಪ್ಪತ್ತರ ಆಸುಪಾಸು ಉಳಿದಿದ್ದರು. ನಟರಲ್ಲಿ ಬಹುತೇಕರಿಗೆ ಭಾಷೆ ಬರ್ತಿರಲಿಲ್ಲ. ಶೂಟಿಂಗ್‌ಗೆ ಮುಂಚೆ ಎರಡು ವಾರ ಶಿಬಿರದಲ್ಲಿ ಕೂತು ಹಿರಿಯರಿಂದ ಕಲಿತರು.

ಕಥೆ ಹತ್ತೊಂಬತ್ತನೇ ಶತಮಾನದ್ದು. ಬೇಸಿಗೆಯಲ್ಲಿ ಮೀನು ಹಿಡಿದು ಒಣಗಿಸೋಕೆ ಎರಡು ಕುಟುಂಬಗಳು ಒಂದು ಕಡೆ ಸೇರಿವೆ. ಅದೀತ್ಸೀ ಎಂಬವನಿಂದಾಗಿ ಅವನ ಪ್ರಾಣಸ್ನೇಹಿತ ಕ್ವಾನ ಮಗ ಅವಘಡದಲ್ಲಿ ಸಾಯ್ತಾನೆ. ಅದೀತ್ಸೀ ಕಾಡಿಗೆ ಓಡಿ ಹೋಗಿ ಚಳಿ, ಹಸಿವು, ಪಾಪಪ್ರಜ್ಞೆಗಳಲ್ಲಿ 'ಗಾಗೀಖಿಡ್' ಆಗ್ತಾನೆ. ಹೈಡಾ ಕಥೆಗಳಲ್ಲಿ ಬರುವ ಕಾಡುಮನುಷ್ಯ ಅದು. ಮರುವರ್ಷ ಬಂದವರು ಅವನನ್ನು ಕೊಲ್ಲಬೇಕೋ, ಹಿಡಿದು ಮತ್ತೆ ಮನುಷ್ಯನನ್ನಾಗಿ ಮಾಡಬೇಕೋ?

ನನ್ನ ತಕರಾರು ಮೊದಲೇ ಹೇಳಿಬಿಡ್ತೀನಿ. ಕ್ವಾನ ಸಂಕಟಕ್ಕೆ ಸಮಯ ಸಾಲದು. ಮಗ ಸತ್ತವನ ಸಿಟ್ಟಿಗಿಂತ ಹುಚ್ಚು ಹಿಡಿದವನ ಮೇಕಪ್‌ ಮೇಲೆ ಕ್ಯಾಮೆರಾಗೆ ಪ್ರೀತಿ ಜಾಸ್ತಿ. ಕೆಲವು ಮಾತುಗಳು ಬಾಯಿಪಾಠದ ಹಾಗೇ ಕೇಳಿಸುತ್ತವೆ, ಹೈಡಾ ಗೊತ್ತಿಲ್ಲದ ನನಗೂ. ಆದರೆ ಮಾತಿಗೆ ತಡಕಾಡುವ ಆ ದನಿ ಸುಳ್ಳಲ್ಲ. ತಾತನ ಭಾಷೆಯನ್ನು ಮೊಮ್ಮಗ ಕ್ಯಾಮೆರಾ ಮುಂದೆ ಕಲೀತಿದ್ದರೆ ಇನ್ನು ಹೇಗೆ ಕೇಳಿಸಬೇಕು ಹೇಳಿ?

ಬಿಳಿಯರೊಬ್ಬರೂ ತೆರೆಗೆ ಬರೋದಿಲ್ಲ. ಇದನ್ನ ತಪ್ಪಿಸಿಕೊಳ್ಳುವಿಕೆ ಅಂತ ಕರೆಯಬಹುದು, ನಾನು ಕರೆಯಲ್ಲ. 1862ರಲ್ಲಿ ಸಿಡುಬು ಬಂತು. ಸಾವಿರಾರು ಜನರಿದ್ದ ಹೈಡಾಗಳು ಆ ಶತಮಾನ ಮುಗಿಯುವ ಹೊತ್ತಿಗೆ ಕೆಲವು ನೂರಕ್ಕೆ ಇಳಿದರು. ಊರುಗಳು ಖಾಲಿಯಾದವು. ವಿಡಿಯೊದ ಆ 'ನಿಗೂಢ ಮೌನ' ಇದೇ. 1981ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸ್ಗಾಂಗ್ ಗ್ವಾಯ್‌ನಲ್ಲಿ ಜನ ಸೆಲ್ಫಿ ತೆಗೆಯುವ ಕಂಬಗಳಲ್ಲಿ ಹೆಚ್ಚಿನವು ಸಮಾಧಿ ಕಂಬಗಳು. ದೊಡ್ಡ ಮನೆತನದವರ ಶವವನ್ನು ಪೆಟ್ಟಿಗೆಯಲ್ಲಿಟ್ಟು ತುದಿಯಲ್ಲಿ ಕೂರಿಸುತ್ತಿದ್ದರು. ಬೀಳುವ ಕಾಲಕ್ಕೆ ಬಿದ್ದು ಮಣ್ಣಾಗಲಿ ಅನ್ನೋದು ಹೈಡಾ ಕ್ರಮ. ಸಿನಿಮಾ ಆ ಮೌನದ ಹಿಂದಕ್ಕೆ, ಒಲೆ ಉರೀತಿದ್ದ ಕಾಲಕ್ಕೆ ಹೋಗುತ್ತೆ.

ಕಾಡು ಉಳಿದದ್ದೂ ತಾನಾಗಿ ಅಲ್ಲ. 1985ರಲ್ಲಿ ಲಯೆಲ್ ದ್ವೀಪದಲ್ಲಿ ಮರ ಕಡಿಯೋದನ್ನ ತಡೆಯಲು ಹೈಡಾಗಳು ರಸ್ತೆಗೆ ಅಡ್ಡ ಕೂತರು, 72 ಮಂದಿ ಬಂಧನವಾಯ್ತು, ಹಿರಿಯರೂ ಸೇರಿ. ಇವತ್ತಿನ ಗ್ವಾಯ್ ಹಾನಸ್ ಸಂರಕ್ಷಿತ ವನವನ್ನು ಅವರೂ ಕೆನಡಾ ಸರ್ಕಾರವೂ ಜೊತೆಯಾಗಿ ನೋಡಿಕೊಳ್ತಾರೆ. 2020ರ ಕೋವಿಡ್ ಬೇಸಿಗೆಯಲ್ಲಿ, ಹೈಡಾಗಳು ಬೇಡ ಅಂದರೂ ಕೆಲವು ಮೀನುಗಾರಿಕೆ ಲಾಡ್ಜ್‌ಗಳು ಬಾಗಿಲು ತೆರೆದವು. ಪ್ರಾಂತ್ಯದ ಸರ್ಕಾರ ಪ್ರವಾಸವನ್ನೇ ನಿರ್ಬಂಧಿಸಬೇಕಾಯ್ತು. ಸಿನಿಮಾದಲ್ಲಿ ಮೀನು ಚಳಿಗಾಲದ ಊಟ. ಲಾಡ್ಜ್‌ನಲ್ಲಿ ಅದು ಫೋಟೊ. ಎರಡನ್ನೂ 'ಫಿಶಿಂಗ್' ಅಂತಲೇ ಕರೆಯೋದು ನನಗೆ ಸ್ವಲ್ಪ ಕಷ್ಟ.

ಹೋಗಬೇಡಿ ಅಂತಿಲ್ಲ. ಹೋಗಿ, ದುಡ್ಡಿದ್ದರೆ (ತುಂಬಾ ಬೇಕು). ಗ್ವಾಯ್ ಹಾನಸ್‌ಗೆ ಹೋಗುವವರು ಮೊದಲು ಮಾಹಿತಿ ತರಗತಿಯಲ್ಲಿ ಕೂರಲೇಬೇಕು. ಹಳೇ ಊರುಗಳನ್ನು ಕಾಯುವ ಹೈಡಾ ವಾಚ್‌ಮನ್‌ಗಳಿಗೆ ದೋಣಿಯಿಂದ ರೇಡಿಯೊ ಮಾಡಿ ಇಳಿಯಬಹುದಾ ಅಂತ ಕೇಳಬೇಕು. ಒಂದು ಸಲಕ್ಕೆ ಹನ್ನೆರಡೇ ಜನ. ಒಳಗೆ ಇನ್ನೊಂದು ಗುಂಪು ಇದ್ದರೆ, ನೀರಿನ ಮೇಲೇ ಕಾಯಬೇಕು.