ಬಾಟಿಕ್ ಮಾರಿ ಕೊಂಡ ಊರು

ಮದರಾಸು ಎಂದರೆ ಸಂಪ್ರದಾಯಸ್ಥರ ಊರು ಎಂದು ನಾವು ಷರಾ ಬರೆದುಬಿಡುತ್ತೇವೆ. ಅದೇ ಊರಿನ ದಕ್ಷಿಣಕ್ಕೆ, ಇಂಜಂಬಾಕ್ಕಂನ ಕಡಲಂಚಿನ ಮರಳಿನಲ್ಲಿ 1966ರಲ್ಲಿ ಚೋಳಮಂಡಲ ಕಲಾಗ್ರಾಮ ಎದ್ದಿತು. ಕಟ್ಟಿದವರು ಮದರಾಸು ಕಲಾಶಾಲೆಯ ಪ್ರಾಂಶುಪಾಲ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು. ಹೊಸ ಬಗೆಯ ಚಿತ್ರಗಳಿಗೆ ಆಗ ಗಿರಾಕಿಗಳು ವಿರಳ, ಬಣ್ಣದ ಬಟ್ಟೆ ಕೊಳ್ಳುವವರಿಗೆ ಮಾತ್ರ ಕೊರತೆಯಿರಲಿಲ್ಲ. ಅದಕ್ಕೇ ಬಾಟಿಕ್ ಹಿಡಿದರು. ಕರಗಿಸಿದ ಮೇಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದು ಬಣ್ಣದಲ್ಲಿ ಅದ್ದಬೇಕು. ಮೇಣ ಕೂತಲ್ಲಿ ಬಣ್ಣ ಹತ್ತದು. ಮೇಣ ಬಿರಿದ ಕಡೆ ಮಾತ್ರ ಬಣ್ಣ ಸಣ್ಣ ಎಳೆಗಳಾಗಿ ಒಳಗಿಳಿಯುತ್ತದೆ. ಯಾರ ಕೈಗೂ ಪೂರ್ತಿ ಸಿಗದ ಆ ಬಿರುಕುಗಳೇ ಬಾಟಿಕ್‌ನ ಬೆಡಗು. ಇಂಥ ಕರಕುಶಲದ ದುಡ್ಡಿನಿಂದಲೇ ನೆಲ ಕೊಂಡು ಮನೆ ಕಟ್ಟಿಕೊಂಡರು. ಹೊಟ್ಟೆಪಾಡಿಗೆ ಕಸುಬು, ಉಳಿದ ಹೊತ್ತಿಗೆ ಚಿತ್ರ. ಕಸುಬನ್ನು ಕೀಳೆಂದು ಬಗೆಯದ ಈ ಧೈರ್ಯ ನನಗೆ ಅವರ ಎಷ್ಟೋ ಕ್ಯಾನ್ವಾಸುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಈ ಗುಂಪಿನಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು. ತಾಮ್ರದ ತಗಡನ್ನೂ ಬಡಿದು ಉಬ್ಬುಚಿತ್ರ ಮಾಡಿದವರು. 1970ರ ‘ಸಂಸ್ಕಾರ’ ಚಿತ್ರಕ್ಕೆ ಕಲಾ ನಿರ್ದೇಶಕರೂ ಅವರೇ. ಕನ್ನಡದ ಹೊಸ ಅಲೆಗೆ ಮುನ್ನುಡಿ ಬರೆದ ಆ ಸಿನಿಮಾದ ನಂಟೆಲ್ಲ ಮದರಾಸಿನದೇ: ಅದರಲ್ಲಿ ನಟಿಸಿದ ಗಿರೀಶ ಕಾರ್ನಾಡರು ಆಗ ಅಲ್ಲೇ ಪ್ರಕಾಶನ ಸಂಸ್ಥೆಯೊಂದರಲ್ಲಿದ್ದರು, ಜೊತೆಗೆ ನಟಿಸಿದ ಸ್ನೇಹಲತಾ ರೆಡ್ಡಿ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದವರು. ತಮಾಷೆಯೆಂದರೆ, ಚಿತ್ರಕ್ಕೆ ಮೊದಲು ಅಡ್ಡಗಾಲು ಹಾಕಿದ್ದೂ ಮದರಾಸಿನ ಸೆನ್ಸಾರ್ ಮಂಡಳಿಯೇ. ಆಮೇಲೆ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು.