36 ದಿನದ ಲೆಕ್ಕ ಬಿಟ್ಟು ತೀರ್ಪು ಓದೋಣ

ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರೋ ಲೇಖನಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ಅವೇ ಎರಡು ಸಂಗತಿ. ಒಂದು, ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಮಗಳು. ಇನ್ನೊಂದು, ಹಿರಿತನದ ಲೆಕ್ಕ ತಪ್ಪದಿದ್ದರೆ 2027ರಲ್ಲಿ ಅದೇ ಕುರ್ಚಿಯಲ್ಲಿ ಕೂರುವ ಮೊದಲ ಮಹಿಳೆ, ಅದೂ 36 ದಿನದ ಮಟ್ಟಿಗೆ. 1987ರಲ್ಲಿ ವಕೀಲಿಕೆ, 2008ರಲ್ಲಿ ಹೈಕೋರ್ಟು, 2021ರಲ್ಲಿ ಸುಪ್ರೀಂ ಕೋರ್ಟು. ಸರಿ, ಇಷ್ಟು ವರ್ಷ ಅವರು ಬರೆದದ್ದೇನು? ಅದನ್ನ ಕೇಳೋರು ಕಡಿಮೆ.

ಕೊಡಗಿನವರು ಓದಲೇಬೇಕಾದ್ದು ಒಂದಿದೆ: 2023ರ ಜನವರಿ 2ರ ನೋಟು ರದ್ದತಿ ತೀರ್ಪು. ಐವರ ಪೀಠದಲ್ಲಿ ನಾಲ್ವರು ಸರ್ಕಾರದ ಕ್ರಮ ಸರಿ ಎಂದರು, ನಾಗರತ್ನ ಒಬ್ಬರೇ ಅಲ್ಲ ಎಂದರು. ಆ ನಾಲ್ವರಲ್ಲಿ ನಮ್ಮ ಎ.ಎಸ್. ಬೋಪಣ್ಣನವರೂ ಇದ್ದರು. 2019ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ಜಿಲ್ಲೆಯವರೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಹಾಗೇ ಇರಲಿ. ಈ ವಿಷಯದಲ್ಲಿ ಮಾತ್ರ ನನ್ನ ಓಟು ಆ ಒಂಟಿ ದನಿಗೆ.

ಯಾಕೆ ಅಂದ್ರೆ, 2016ರ ನವೆಂಬರ್ 8 ಇಲ್ಲಿ ಕಾಫಿ ಕೊಯ್ಲಿನ ಹೊಸ್ತಿಲು. ಮೊದಲು ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ. ತೋಟದ ಬಟವಾಡೆ ಅಂದ್ರೆ ಕೈಗೆ ಬರೋ ನೋಟು. ಆ ನೋಟು ಸಂತೆಗೆ ಹೋಗಿ ಅಕ್ಕಿ, ಒಣಮೀನು ಆಗಬೇಕು. ಲೈನ್ ಮನೆಯವರು ಬ್ಯಾಂಕಿನ ಸಾಲಲ್ಲಿ ಒಂದು ದಿನ ನಿಂತರೆ ಆ ದಿನದ ಕೂಲಿ ಹೋಯ್ತು.

ನಾಗರತ್ನ ಎತ್ತಿದ ಪ್ರಶ್ನೆ ನೇರ: ನೋಟು ರದ್ದು ಮಾಡಿ ಅಂತ ಮೊದಲು ಹೇಳಿದ್ದು ಯಾರು? ಕಾಯ್ದೆಯ 26(2)ನೇ ಕಲಮಿನ ಪ್ರಕಾರ ಆ ಶಿಫಾರಸು ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯಿಂದ ಹೊರಡಬೇಕು. ಇಲ್ಲಿ ನವೆಂಬರ್ 7ರಂದು ಕೇಂದ್ರವೇ ಪತ್ರ ಬರೆಯಿತು, ಮರುದಿನ ಬ್ಯಾಂಕು ತಲೆಯಾಡಿಸಿತು. 24 ಗಂಟೆಯೊಳಗೆ ಎಲ್ಲ ಮುಗೀತು. ಇದರಲ್ಲಿ ಸ್ವತಂತ್ರ ಯೋಚನೆ ಎಲ್ಲಿತ್ತು ಎಂದರು. ಸರ್ಕಾರಕ್ಕೇ ಬೇಕಿದ್ದರೆ ಕಾನೂನು ಮಾಡಲಿ, ಗುಟ್ಟು ಬೇಕಾದರೆ ಸುಗ್ರೀವಾಜ್ಞೆ ಇದೆಯಲ್ಲ! ತೋಟದ ರೈಟರಿಗೂ ಅರ್ಥವಾಗೋ ವಾದ ಇದು: ಸಹಿ ಇದೆ ಅಂದ ಮಾತ್ರಕ್ಕೆ ನಿರ್ಧಾರ ಅವನದ್ದಾಗಲ್ಲ.

ನನ್ನ ತಕರಾರು ಇರೋದು ಇದರ ಮುಂದೆ. ಕ್ರಮ ಕಾನೂನುಬಾಹಿರ ಎಂದ ಅವರೇ, ಉದ್ದೇಶ ಒಳ್ಳೆಯದಿತ್ತು, ಆಗಿದ್ದನ್ನ ಈಗ ಹಿಂದಕ್ಕೆ ತಿರುಗಿಸಕ್ಕಾಗಲ್ಲ, ಆದ್ದರಿಂದ ತಮ್ಮ ಮಾತು ಮುಂದಕ್ಕಷ್ಟೇ ಅನ್ವಯ ಎಂದೂ ಬರೆದರು. ಆರು ವರ್ಷ ತಡವಾಗಿ ಬಂದ ತೀರ್ಪಿನಲ್ಲಿ ಬೇರೇನು ಮಾಡಬಹುದಿತ್ತು ಅಂತ ಕೇಳಬಹುದು. ನಿಜ, ತಡ ಮಾಡಿದ್ದು ಅವರೊಬ್ಬರಲ್ಲ. ಆದರೂ ನಾಲ್ವರ ಕಡೆ ನಿಂತರೂ ಇವರ ಕಡೆ ನಿಂತರೂ ಕೂಲಿಯವಳ ಕೈಗೆ ಸಿಕ್ಕಿದ್ದು ಒಂದೇ.

ಇದೇ ನಾಗರತ್ನ 2021ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಬೇರೆ ಥರ ಬರೆದಿದ್ದರು. ಕೆಪಿಟಿಸಿಎಲ್ ನೌಕರನೊಬ್ಬನ ಎರಡನೇ ಮದುವೆಯ ಮಗ ಅನುಕಂಪದ ನೌಕರಿ ಕೇಳಿದ್ದ. ಹುಟ್ಟಿಗೆ ಮಗು ಹೊಣೆಯಲ್ಲ, ಅಕ್ರಮ ಅನ್ನೋ ಮಾತು ಬೇಕಿದ್ದರೆ ಹೆತ್ತವರಿಗೆ ಅಂಟಲಿ ಎಂಬರ್ಥದಲ್ಲಿ ಹೇಳಿ, ಅವನ ಅರ್ಜಿಗೆ ದಾರಿ ಬಿಟ್ಟರು. ಅಲ್ಲಿ ಕಾನೂನು ಒಬ್ಬನ ಮನೆ ಬಾಗಿಲ ತನಕ ಹೋಯ್ತು.

2024ರ ಮಾರ್ಚಿನಲ್ಲಿ ಹೈದರಾಬಾದಿನ ಭಾಷಣದಲ್ಲಿ ಅವರು ತಮ್ಮ ಭಿನ್ನಮತಕ್ಕೆ ಕಾರಣ ಹೇಳುತ್ತಾ, ದಿನಸಿ ತರೋ ಮುಂಚೆ ನೋಟು ಬದಲಿಸಿಕೊಳ್ಳಬೇಕಾಗಿ ಬಂದ ಕೂಲಿಯವನನ್ನ ನೆನೆದರು. ಭಾಷಣದಲ್ಲಿ ಬಂದ ಆ ಮನುಷ್ಯನಿಗೆ ತೀರ್ಪಿನ ಕೊನೆಯ ಪುಟದಲ್ಲೂ ಏನಾದರೂ ಸಿಗಬೇಕಿತ್ತು.